ಚಿಪ್ಪಿನೊಳಗಿನ ದರ್ಬಾರಿ

ಸಂಗೀತವೆಂದರೆ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಕನ್ನಡಿಗರ ಕೂಟಗಳಲ್ಲಿ ಎತ್ತದಿರುವುದೇ ಕ್ಷೇಮ. ಧಾರವಾಡ, ವಿಜಾಪುರದ ಕಡೆಯವರು ಖ್ಯಾಲಿನ ಹೆಸರೆತ್ತುವ ಮೊದಲೇ ಉಡುಪಿ, ಕುಂದಾಪುರದವರು ಚೆಂಡೆಯ ಮಾತು ತೆಗೆದಿರುತ್ತಾರೆ; ಮೈಸೂರಿನ ಕಡೆಯಿಂದ ಬಂದು ವಾಶಿ, ನೆರೂಳಿನಲ್ಲಿ ಮನೆ ಮಾಡಿರುವವರು ತ್ಯಾಗರಾಜರನ್ನು ಬಿಟ್ಟುಕೊಡಲಾರರು. ಚಹಾ ಆರುವುದರೊಳಗೆ ಮೂರು ಪಕ್ಷಗಳಾಗಿಬಿಡುತ್ತವೆ. ಇಂಥದರಲ್ಲಿ ನಾಲ್ಕನೆಯ ಪಕ್ಷವೊಂದನ್ನು ಹುಟ್ಟಿಸುವ ಆಸೆ ನಮಗೇನೂ ಇರಲಿಲ್ಲ. ಆದರೆ ಡೊಂಬಿವಲಿಯ ಒಂದು ಮನೆಯಲ್ಲಿ ಈ ಮಳೆಗಾಲದಲ್ಲಿ ನಡೆದುದನ್ನು ಕಂಡ ಮೇಲೆ ಅದನ್ನು ಓದುಗರ ಮುಂದಿಡದೆ ಇರಲು ಮನಸ್ಸು ಒಪ್ಪಲಿಲ್ಲ. ಇದು ಹಳೆಯ ಗಣಕಯಂತ್ರಗಳ ಸಂಗೀತದ ವಿಷಯ. ಗಣಕವೆಂದ ಕೂಡಲೇ ಪುಟ ತಿರುವುವ ಹಿರಿಯರು ಸ್ವಲ್ಪ ತಾಳಿಕೊಳ್ಳಬೇಕು. ಮುಂದೆ ದರ್ಬಾರಿ ಕಾನಡಾ ಬರುವುದಿದೆ.

ಇಂದಿನ ಗಣಕಯಂತ್ರಕ್ಕೆ ಸ್ವಂತದ ದನಿಯೆಂಬುದಿಲ್ಲ. ಯಾರೋ ಎಲ್ಲಿಯೋ ಹಾಡಿ ಮುದ್ರಿಸಿದ್ದನ್ನು ಅದು ನಮಗೆ ಒಪ್ಪಿಸುತ್ತದೆ, ಅಷ್ಟೆ. 1980ರ ದಶಕದ ಚಿಕ್ಕ ಗಣಕಗಳ ಪಾಡು ಬೇರೆ. ಮುದ್ರಿಸಿದ ಹಾಡನ್ನು ಇಟ್ಟುಕೊಳ್ಳಲು ಅವುಗಳಲ್ಲಿ ಜಾಗವೇ ಇರಲಿಲ್ಲ. ಆ ಕಾಲದ ಹೆಸರಾಂತ ಬಿಬಿಸಿ ಮೈಕ್ರೋ ಯಂತ್ರದ ನೆನಪಿನ ಶಕ್ತಿ 32 ಕಿಲೋಬೈಟು. ಬೆಳಗಾದರೆ ನಮ್ಮ ಬಂಧುಗಳು ಮೊಬೈಲಿಗೆ ಕಳಿಸುವ ಒಂದು 'ಶುಭೋದಯ'ದ ಹೂವಿನ ಚಿತ್ರಕ್ಕೂ ಅಷ್ಟು ಸಾಲದು. ಆದುದರಿಂದ ಆ ಯಂತ್ರಗಳು ಹಾಡಬೇಕಾದರೆ ತಾವೇ ಹಾಡಬೇಕಾಗಿದ್ದಿತು. ಅದಕ್ಕೆಂದೇ ಅವುಗಳಲ್ಲಿ ಒಂದು ಪುಟ್ಟ ಚಿಪ್ ಇರುತ್ತಿತ್ತು. ಚಿಪ್ ಎನ್ನಿ, ಚಿಪ್ಪು ಎನ್ನಿ. ಒಳಗೆ ಮುತ್ತಿದ್ದರೆ ಸರಿ.

ಬಿಬಿಸಿ ಮೈಕ್ರೋದಲ್ಲಿದ್ದುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಸ್‌ಎನ್ 76489 ಎಂಬ ಚಿಪ್. ಅದು ಬಲ್ಲ ವಿದ್ಯೆ ತೀರ ಅಲ್ಪ. ವಿದ್ಯುತ್ತನ್ನು ಹಚ್ಚುವುದು, ಆರಿಸುವುದು; ಮತ್ತೆ ಹಚ್ಚುವುದು, ಆರಿಸುವುದು. ಸೆಕೆಂಡಿಗೆ 440 ಸಲ ಹೀಗೆ ಮಾಡಿದರೆ ಒಂದು ಸ್ವರ. 220 ಸಲ ಮಾಡಿದರೆ ಅದರ ಒಂದು ಸಪ್ತಕ ಕೆಳಗಿನ ಸ್ವರ. ಕಂಠವು ನಿಧಾನವಾಗಿ ಏರಿ ಇಳಿಯುವ ಅಲೆಯಲ್ಲ ಇದು, ಮೆಟ್ಟಿಲಿನಂತೆ ಕಡಿದು ನಿಲ್ಲಿಸಿದ ಚೌಕದ ಅಲೆ. ಕೇಳುವುದಕ್ಕೆ ಟೊಳ್ಳಾದ ಬಿದಿರಿನಲ್ಲಿ ಜೇನುನೊಣ ಹೊಕ್ಕಂತಿರುತ್ತದೆ. ಇಂಥ ಕಂಠಗಳು ಮೂರು, ಜೊತೆಗೆ ಮಳೆ ಸುರಿದಂತೆ ಬರಿಯ ಗದ್ದಲ ಮಾಡುವ ನಾಲ್ಕನೆಯದೊಂದು. ದನಿಯ ಏರಿಳಿತಕ್ಕೆ ಮೌನವೂ ಸೇರಿ 16 ಮೆಟ್ಟಿಲು. ಇಷ್ಟೇ ಬಂಡವಾಳ.

1990ರ ದಶಕದಲ್ಲಿ ಕಲ್ಯಾಣ, ಥಾಣೆಯ ಪೇಟೆಗಳಿಂದ 'ಟಿವಿ ಗೇಮ್' ಎಂಬ ಪೆಟ್ಟಿಗೆಯನ್ನು ಮನೆಗೆ ತಂದು, ಮೀಸೆಯ ಕೊಳಾಯಿಗಾರನೊಬ್ಬನು ಆಮೆಗಳ ಮೇಲೆ ಹಾರಾಡುವುದನ್ನು ಬೇಸಿಗೆಯ ರಜೆಯೆಲ್ಲ ನೋಡಿದ ತಾಯಂದಿರಿಗೆ ಈ ಜಾತಿಯ ದನಿಯನ್ನು ಬೇರೆ ವಿವರಿಸಬೇಕಾಗಿಲ್ಲ. ಆ ಆಟಕ್ಕೆ 1985ರಲ್ಲಿ ಸಂಗೀತ ಕಟ್ಟಿದವರು ಜಪಾನಿನ ಕೋಜಿ ಕೊಂಡೊ. ಆ ಪೆಟ್ಟಿಗೆಯಲ್ಲಿಯೂ ಎರಡು ಚೌಕದ ಅಲೆ, ಒಂದು ತ್ರಿಕೋನದ ಅಲೆ, ಒಂದು ಗದ್ದಲ. ಮುದ್ರಿಸಿದ ಚೂರುಪಾರು ದನಿಗೆ ಒಂದು ಚಿಕ್ಕ ಗೂಡು. ಇವುಗಳಲ್ಲೆಲ್ಲ ಶ್ರೀಮಂತವಾದುದೆಂದರೆ 1982ರಲ್ಲಿ ಬಂದ ಕೊಮೊಡೋರ್ 64 ಎಂಬ ಗಣಕದ ಸಿಡ್ ಚಿಪ್. ಅದನ್ನು ರಚಿಸಿದ ಬಾಬ್ ಯಾನೆಸ್ ಸ್ವತಃ ವಾದ್ಯಗಳ ಹುಚ್ಚಿನವರು. ಮುಂದೆ ಎನ್ಸೋನಿಕ್ ಎಂಬ ವಾದ್ಯದ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು. ಅವರು ಅದಕ್ಕೂ ಮೂರೇ ಕಂಠಗಳನ್ನು ಕೊಟ್ಟರು. ಇಂಗ್ಲೆಂಡಿನ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ ಮುಂತಾದವರು ಆ ಮೂರರಲ್ಲಿಯೇ ಇಡೀ ವಾದ್ಯಗೋಷ್ಠಿ ಕೂತಿದೆಯೆಂಬ ಭ್ರಮೆ ಹುಟ್ಟಿಸಿದರು. ಒಂದೇ ಕಂಠವು ಮೂರು ಸ್ವರಗಳನ್ನು ಸರದಿಯ ಮೇಲೆ, ಸೆಕೆಂಡಿಗೆ 50 ಸಲ ಬದಲಿಸಿ ಬದಲಿಸಿ ನುಡಿದರೆ ಮೂರೂ ಕೂಡಿ ನುಡಿದಂತೆ ಕೇಳುತ್ತದೆ. ಉರಿಯುವ ಕೊಳ್ಳಿಯನ್ನು ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುವುದಿಲ್ಲವೇ, ಹಾಗೆ.

ಈಗ ಡೊಂಬಿವಲಿಗೆ ಬರೋಣ.

ಕೇಂದ್ರ ಸರಕಾರವು 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ದೇಶದ ಆಯ್ದ ಕೆಲವು ಶಾಲೆಗಳಿಗೆ ಗಣಕಗಳನ್ನು ಕೊಡಿಸಿತು. ಅವು ಇದೇ ಬಿಬಿಸಿ ಮೈಕ್ರೋಗಳು, ಇಂಗ್ಲೆಂಡಿನ ಏಕಾರ್ನ್ ಕಂಪನಿಯವು. ನಮ್ಮ ಪರಿಚಯದ ಆ ಮನೆಯ ಗೃಹಿಣಿ ಧಾರವಾಡದ ಕಡೆಯವರು. ಅವರ ಅಣ್ಣ ಕಲಿಯುತ್ತಿದ್ದ ಶಾಲೆಗೂ ಈ ಯಂತ್ರ ಬಂದಿತು. ಹುಡುಗನಿಗೆ ಆಗಲೇ ಹಾಡಿನ ಪಾಠವಾಗುತ್ತಿತ್ತು. ಮನೆಯಲ್ಲಿ ತಂಬೂರಿ ಇತ್ತು. ಶನಿವಾರ ಶನಿವಾರ ಅರ್ಧ ತಾಸು, ಅದೂ ಮೂವರು ಹುಡುಗರಿಗೆ ಒಂದು ಯಂತ್ರ. ಅಲ್ಲಿ ಕೂತು ಯೋಚಿಸಲು ವೇಳೆಯೆಲ್ಲಿ? ಆದುದರಿಂದ ಅವನು ಮನೆಯಲ್ಲಿಯೇ ತಂಬೂರಿ ಮೀಟುತ್ತ ಲೆಕ್ಕ ಹಾಕಿ, ಅಂಕಿಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಶನಿವಾರ ಹೋಗಿ ಒತ್ತುತ್ತಿದ್ದನು. 1987ರಲ್ಲಿ ಹೀಗೆ ಬರೆದ ಮೂರು ಪುಟಗಳು ಉಳಿದಿವೆ. ಮೇಲೆ 'ದರ್ಬಾರಿ' ಎಂದು ಕನ್ನಡದಲ್ಲಿ ಬರೆದಿದೆ. ಕೆಳಗೆಲ್ಲ ಅಂಕಿಗಳು.

ಆ ತರುಣ 1993ರಲ್ಲಿ ಕಾಯಿಲೆಯಿಂದ ತೀರಿಕೊಂಡನು. ಹಾಡುತ್ತಿದ್ದವನಾದರೂ ಅವನ ದನಿಯ ಮುದ್ರಣ ಒಂದೂ ಇಲ್ಲ. ಯಂತ್ರದ ಹಾಡನ್ನು ಉಳಿಸಿದ್ದ ಕ್ಯಾಸೆಟ್ಟು ಕೆಲವು ಕಾಲ ಇತ್ತಂತೆ. ಆಗಿನ ಗಣಕಗಳು ಕಾರ್ಯಕ್ರಮಗಳನ್ನು ಸಾಮಾನ್ಯ ಟೇಪಿನ ಮೇಲೆಯೇ ಕಿರ್ ಎಂಬ ಸಿಳ್ಳಿನ ರೂಪದಲ್ಲಿ ತುಂಬುತ್ತಿದ್ದವು. ಬಂಧುವರ್ಗದಲ್ಲಿ ಯಾರೋ ಅದನ್ನು ಹಾಕಿ ನೋಡಿ, ಕಿರುಚುವುದಲ್ಲದೆ ಇದರಲ್ಲೇನಿದೆಯೆಂದು, ಅದರ ಮೇಲೆ ಮದುವೆಯ ಹಾಡುಗಳನ್ನು ತುಂಬಿಸಿಬಿಟ್ಟರು. ತಪ್ಪು ಅವರದೂ ಅಲ್ಲ. ಆ ಸಿಳ್ಳಿನಲ್ಲಿ ದರ್ಬಾರಿ ಇದೆಯೆಂದು ಯಾವ ಸೋದರತ್ತೆಗೆ ತಿಳಿಯಬೇಕು!

ಈಗ ಈ ಗೃಹಿಣಿಯ ಮಗ ದೊಡ್ಡವನಾಗಿ, ದಿನವೂ ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಯ ಒಂದು ಕಚೇರಿಗೆ ಹೋಗಿ ಬರುತ್ತಾನೆ. ರವಿವಾರದ ಹವ್ಯಾಸ ಸಿಂಥಸೈಸರ್. ಹಳೆಯ ಚಿಪ್ಪುಗಳ ಸಂಗೀತವನ್ನು ಹೊಸ ಸಿಂಥಸೈಸರಿನಲ್ಲಿ ಮರಳಿ ಹುಟ್ಟಿಸುವ ಗೀಳು ಜಗತ್ತಿನ ಅನೇಕ ತರುಣರಿಗಿದ್ದಂತೆ ಇವನಿಗೂ ಇದೆ. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯು 1999ರಲ್ಲಿ ಹಳೆಯ ಸಿಡ್ ಚಿಪ್ಪನ್ನೇ ಒಳಗಿಟ್ಟು ಸಿಡ್‌ಸ್ಟೇಷನ್ ಎಂಬ ವಾದ್ಯವನ್ನು ಮಾರಿತೆಂದೂ, ಆ ಚಿಪ್ಪುಗಳನ್ನು ಈಗ ಮಾಡುವವರಿಲ್ಲವಾದುದರಿಂದ ಇದ್ದವು ಒಂದೊಂದಾಗಿ ಸಾಯುತ್ತಿವೆಯೆಂದೂ ಅವನೇ ನಮಗೆ ಹೇಳಿದನು. ಇಂಥವನ ಕೈಗೆ ಸೋದರಮಾವನ ನೋಟುಬುಕ್ಕು ಸಿಕ್ಕರೆ ಬಿಡುವನೇ?

ಅಂಕಿಗಳೆಂದರೆ ಹೇಗೆ ಎಂಬುದನ್ನು ಸ್ವಲ್ಪ ನೋಡಬೇಕು, ಏಕೆಂದರೆ ಕಥೆಯೆಲ್ಲ ಅಲ್ಲಿಯೇ ಇದೆ. ಬಿಬಿಸಿ ಮೈಕ್ರೋಗೆ 'ಸೌಂಡ್' ಎಂದು ಬರೆದು ನಾಲ್ಕು ಅಂಕಿ ಕೊಡಬೇಕು. ಮೊದಲನೆಯದು ಯಾವ ಕಂಠ. ಎರಡನೆಯದು ಎಷ್ಟು ಗಟ್ಟಿ. ಮೂರನೆಯದು ಸ್ವರದ ಎತ್ತರ. ನಾಲ್ಕನೆಯದು ಎಷ್ಟು ಹೊತ್ತು, ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ. 'ಸೌಂಡ್ 1, -15, 53, 20' ಎಂದರೆ ಒಂದನೆಯ ಕಂಠ ತನ್ನ ಪೂರ್ಣ ದನಿಯಲ್ಲಿ ಒಂದು ಸೆಕೆಂಡು ಬಿಳಿ ಒಂದರ ಷಡ್ಜ ಹಿಡಿಯಬೇಕೆಂದು ಅಪ್ಪಣೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಪೇಟಿಯ ಮನೆಗಳು ಸಪ್ತಕಕ್ಕೆ 12. ಈ ಯಂತ್ರದಲ್ಲಿ ಸಪ್ತಕಕ್ಕೆ 48. ಒಂದೊಂದು ಪೇಟಿಯ ಮನೆಯನ್ನೂ ನಾಲ್ಕು ಪಾಲು ಮಾಡಿದಂತೆ. ಇಂಗ್ಲಿಷರು ಏನೆಂದುಕೊಂಡು ಹೀಗೆ ಮಾಡಿದರೋ. ನಮ್ಮ ಶ್ರುತಿಗಳಿಗಂತೂ ಅದು ಹೇಳಿ ಮಾಡಿಸಿದಂತಾಯಿತು.

ಹುಡುಗನು 53ನ್ನು ಷಡ್ಜವಾಗಿ ಹಿಡಿದಿದ್ದನು. ಗಂಡಸರು ಸಾಮಾನ್ಯವಾಗಿ ಹಾಡುವುದಕ್ಕಿಂತ ಇದು ಬಹಳ ಎತ್ತರ. ಕಾರಣ ಸ್ಪಷ್ಟವಾಗಿದೆ. ಆ ಚಿಪ್ಪು ಸೆಕೆಂಡಿಗೆ ಸುಮಾರು 122 ಕಂಪನಗಳಿಗಿಂತ ಕೆಳಗೆ ಇಳಿಯಲಾರದು; ಅಂಕಿ 0 ಎಂದರೆ ಅದೇ ನೆಲ. ದರ್ಬಾರಿಯೋ ಮಂದ್ರದಲ್ಲಿ ಬಾಳುವ ರಾಗ. 53ರಿಂದ ಒಂದು ಸಪ್ತಕ, ಅಂದರೆ 48, ಕಳೆದರೆ ಉಳಿಯುವುದು 5. ಮಂದ್ರ ಷಡ್ಜವು ನೆಲದಿಂದ ಐದೇ ಗೇಣಿನ ಮೇಲೆ ನಿಂತು ಪೂರಾ ಮಂದ್ರ ಸಪ್ತಕ ಕೈಗೆ ಸಿಕ್ಕಿತು. ಷಡ್ಜವನ್ನು ಇನ್ನೂ ಆರು ಅಂಕಿ ಕೆಳಗಿಟ್ಟಿದ್ದರೆ ಬುಡವೇ ಕತ್ತರಿಸಿಹೋಗುತ್ತಿತ್ತು. ಎರಡನೆಯ ಕಂಠವನ್ನು ಅವನು ತಂಬೂರಿಗೆಂದು ಮುಡಿಪಿಟ್ಟಿದ್ದನು: 33, 53, 53, 5, 33, 53, 53, 5, ಪುಟದ ಉದ್ದಕ್ಕೂ ಇದೇ. ಪಂಚಮ, ಜೋಡಿ ಷಡ್ಜ, ಖರಜ. ಅಂಕಿಗಳನ್ನು ಓದುತ್ತ ಹೋದರೆ ತಂಬೂರಿ ಮೀಟುವ ಬೆರಳು ಕಣ್ಣಿಗೆ ಕಟ್ಟುತ್ತದೆ.

ನಮ್ಮ ತರುಣನ ಸಿಂಥಸೈಸರಿನಲ್ಲಿ ಇಲ್ಲದ ದನಿಯಿಲ್ಲ. ಅವನು ಚೌಕದ ಅಲೆಯನ್ನೇ ಆರಿಸಿಕೊಂಡನು, ಅದೇನೋ ನಿಜ. ಆದರೆ ಸ್ವಲ್ಪ ಗುಮ್ಮಟದ ಗುಂಗು ಸೇರಿಸಿದನು. ಒಂದು ದನಿಗೆ ಎರಡು ನೆರಳು ಕೊಟ್ಟು ದಪ್ಪಗೆ ಮಾಡಿದನು. ಗಂಧಾರದ ಆಂದೋಲನಕ್ಕೆ ಬೆಣ್ಣೆಯಂತೆ ನುಣುಪಾದ ತೂಗಾಟ ಹಚ್ಚಿದನು. ಅದನ್ನು ತಾಯಿಗೆ ಕೇಳಿಸಿದ ದಿನ ನಾವೂ ಅಲ್ಲಿ ಚಹಾಕ್ಕೆ ಕೂತಿದ್ದೆವು. ಹೊರಗೆ ಧೋ ಎಂದು ಮಳೆ. ನಿಜ ಹೇಳಬೇಕೆಂದರೆ, ಕೇಳಲು ಬಹಳ ಚೆನ್ನಾಗಿತ್ತು. ಗೃಹಿಣಿ ಪೂರ್ತಿ ಕೇಳಿ ತಟ್ಟೆಗಳನ್ನು ಎತ್ತಿಕೊಳ್ಳುತ್ತ, "ಚಲೋ ಆಗೇದ. ಆದರ ಇದು ಅಣ್ಣಂದಲ್ಲ" ಎಂದರು.

"ಅವ್ವ, ಅಂಕಿ ಎಲ್ಲಾ ಮಾಮಾಂದ ಅವ."

"ಗಂಧಾರ ಮಾಮಾಂದಲ್ಲ. ಅಂವಾ ಇಷ್ಟು ಮ್ಯಾಲೆ ಹಚ್ಚತಿದ್ದಿಲ್ಲ."

ಹುಡುಗನು ನೋಟುಬುಕ್ಕನ್ನು ತಂದು ತೋರಿಸಿದನು. ಕೋಮಲ ಗಂಧಾರವು ಷಡ್ಜದಿಂದ ಪೇಟಿಯ ಮೂರು ಮನೆ ಮೇಲೆ. ಅಂದರೆ ಮೂರು ನಾಲ್ಕಲೆ ಹನ್ನೆರಡು. 53ಕ್ಕೆ 12 ಕೂಡಿಸಿದರೆ 65. ಪುಸ್ತಕದಲ್ಲಿ ಮಾತ್ರ 64 ಎಂದಿತ್ತು. "ಮಾಮಾ ಬರಿಯೂವಾಗ ಒಂದು ಅಂಕಿ ತಪ್ಪ್ಯಾನ, ಅವ್ವ. ನಾ ಸರಿ ಮಾಡೀನಿ" ಎಂದನು.

"ಎಷ್ಟ ಕಡೆ ತಪ್ಪ್ಯಾನ?"

ಎಣಿಸಿದರು. ಗಂಧಾರ 17 ಕಡೆ ಬರುತ್ತದೆ. ಹದಿನೇಳು ಕಡೆಯೂ 64. ಧೈವತವನ್ನು ನೋಡಿದರೆ ಅಲ್ಲಿಯೂ 85 ಇರಬೇಕಾದಲ್ಲಿ 84. ನಿಷಾದ ಮಾತ್ರ ಪೇಟಿಯಂತೆ 93ರಲ್ಲಿ ನೆಟ್ಟಗಿದೆ. ರಿಷಭ 61, ಮಧ್ಯಮ 73, ಪಂಚಮ 81, ಎಲ್ಲವೂ ಲೆಕ್ಕಕ್ಕೆ ಸರಿ. ದರ್ಬಾರಿಯ ಗಂಧಾರ, ಧೈವತಗಳೆರಡೇ ಒಂದೊಂದು ಮೆಟ್ಟಿಲು ಕೆಳಗೆ. ದರ್ಬಾರಿಯನ್ನು ಬಲ್ಲವರಿಗೆ ಇನ್ನು ಹೇಳಬೇಕಾದುದಿಲ್ಲ. ಆ ಎರಡು ಸ್ವರಗಳು ಕೋಮಲವಲ್ಲ, ಅತಿಕೋಮಲ; ಅಲ್ಲಿಯೇ ರಾಗದ ಜೀವವಿರುವುದು. ಯಾವ ಅಳತೆಯ ಸಾಧನವೂ ಇಲ್ಲದ ಹದಿನಾರು ವರ್ಷದ ಹುಡುಗನು ಶನಿವಾರದ ಅರ್ಧ ತಾಸಿನಲ್ಲಿ 65, 64, 63 ಎಂದು ಒತ್ತಿ ಒತ್ತಿ ನೋಡಿ, ಕಿವಿ ಒಪ್ಪಿದಲ್ಲಿ ನಿಂತಿರಬೇಕು. ಅವನ ಕಂಠ ಹೇಗಿತ್ತೋ ತಿಳಿಯುವ ದಾರಿ ಈಗಿಲ್ಲ. ಅವನ ಕಿವಿ ಎಂಥದೆಂಬುದು ಆ ಒಂದು ಅಂಕಿಯಲ್ಲಿದೆ. ಅಳಿಯನು ಅದನ್ನೇ ಅಳಿಸಿಬಿಟ್ಟಿದ್ದನು, ತಿದ್ದುತ್ತಿದ್ದೇನೆಂದುಕೊಂಡು.

ಇಲ್ಲಿ ಪೇಟಿಯ ಹಳೆಯ ಜಗಳ ನೆನಪಾಗುತ್ತದೆ. ಆಗಿನ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ತನ್ನ ಕೇಂದ್ರಗಳಿಂದ ಹೊರಹಾಕಿತು. ನಮ್ಮ ಶ್ರುತಿಗಳನ್ನೂ ಗಮಕಗಳನ್ನೂ ಅದು ನುಡಿಸಲಾರದೆಂಬುದು ಮುಖ್ಯ ಆಕ್ಷೇಪ. ನಿಷೇಧವು ಸಡಿಲವಾದುದು 1971ರಲ್ಲಿ. ಸಿಂಥಸೈಸರ್ ಎಷ್ಟು ದೊಡ್ಡದಾದರೂ ಮಾರುವಾಗ ಅದೇ ಪೇಟಿಯ 12 ಮನೆಗಳನ್ನು ಹಚ್ಚಿಯೇ ಮಾರುತ್ತಾರೆ. ಅದರ ಶ್ರುತಿಯನ್ನು ಬದಲಿಸಲು ಬರುತ್ತದೆ, ಆದರೆ ಬದಲಿಸಬೇಕೆಂದು ತಿಳಿದಿರಬೇಕು. ಲಕ್ಷ ದನಿಗಳ ಹೊಸ ಯಂತ್ರಕ್ಕಿಂತ ಮೂರು ಕಂಠದ ಹಳೆಯ ಚಿಪ್ಪು ಈ ಒಂದು ವಿಷಯದಲ್ಲಿ ದರ್ಬಾರಿಗೆ ಹತ್ತಿರವಿತ್ತೆಂಬುದು ವಿಚಿತ್ರವಾದರೂ ನಿಜ.

ಯಂತ್ರದ ಮೇಲೆ ರಾಗ ನುಡಿಸುವ ಸಾಹಸ ನಮ್ಮ ಮುಂಬಯಿಗೆ ಹೊಸದೂ ಅಲ್ಲ. ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣಜೀತ್ ಸಿಂಗರು ಜಪಾನಿನ ರೋಲೆಂಡ್ ಕಂಪನಿಯ ಮೂರು ಯಂತ್ರಗಳನ್ನು ಜೋಡಿಸಿ, ಭೈರವ, ತೋಡಿ, ಯಮನ್, ಮಾಲಕಂಸ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ 1982ರಲ್ಲಿ ಒಂದು ಧ್ವನಿಮುದ್ರಿಕೆ ಮಾಡಿದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಅದು ಮತ್ತೆ ಹೊರಬಂದ ಮೇಲೆ ಪರದೇಶಗಳಲ್ಲಿ ಹೊಗಳಿದ್ದೇ ಹೊಗಳಿದ್ದು. ಮುದುಕರಾದ ಅವರನ್ನು ಕರೆಸಿ ನುಡಿಸಿದರು. 2015ರಲ್ಲಿ ತೀರಿಕೊಂಡರು. ಅವರ ಹತ್ತರಲ್ಲಿ ದರ್ಬಾರಿ ಇಲ್ಲ. ಇನ್ನು ಬೆಂಗಳೂರಿನಲ್ಲಿ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಮಾಡಿ ತೋರಿಸಿದಾಗಲೂ ಮೂಗು ಮುರಿದವರಿದ್ದರು. ಇಂದು ಆ ಪೆಟ್ಟಿಗೆಯಿಲ್ಲದೆ ಡೊಂಬಿವಲಿ, ಠಾಕುರ್ಲಿ, ಕಲ್ಯಾಣಗಳಲ್ಲಿ ಎಷ್ಟು ಭಜನಾ ಮಂಡಳಿಗಳು ಶುಕ್ರವಾರ ಕೂತಾವು? ಲೋಕಲ್ ಗಾಡಿಯಲ್ಲಿ ತಂಬೂರಿಯನ್ನು ಎತ್ತಿಕೊಂಡು ಹೋಗಿ ನೋಡಿದವರಿಗೆ ರಾಜ್ ನಾರಾಯಣರ ಉಪಕಾರ ಚೆನ್ನಾಗಿ ತಿಳಿದಿದೆ.

ಅದಿರಲಿ. ತಾಯಿಯ ಮಾತು ನಿಜವೋ ಬರಿಯ ಮಮತೆಯೋ ಎಂಬುದನ್ನು ತೀರ್ಮಾನಿಸಲು ತರುಣನು ಒಂದು ಉಪಾಯ ಮಾಡಿದನು. ಇಂದಿನ ಗಣಕವನ್ನು ಹಳೆಯ ಬಿಬಿಸಿ ಮೈಕ್ರೋದಂತೆ ವೇಷ ಕಟ್ಟಿ ನಿಲ್ಲಿಸುವ ಬೀಬೆಮ್ ಎಂಬ ತಂತ್ರಾಂಶವುಂಟು. ಅದರಲ್ಲಿ ಮೂರೂ ಪುಟಗಳನ್ನು ಇದ್ದುದು ಇದ್ದಂತೆ, ಒಂದಂಕಿಯನ್ನೂ ತಿದ್ದದೆ, ಒತ್ತಿದನು. ಮುಂದಿನ ರವಿವಾರ ನಮಗೂ ಕರೆ ಬಂತು. ಈ ಸಲ ಕೇಳಿದ್ದು ಸಣ್ಣದಾಗಿ, ಬೋಳಾಗಿ, ಸ್ವಲ್ಪ ಮೂಗಿನಿಂದ ಬಂದಂತಿತ್ತು. ಆದರೆ ಗಂಧಾರಕ್ಕೆ ಬಂದು ತೂಗಿದಾಗ ಆ ಗೃಹಿಣಿ ಕೈಲಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು, "ಹಾಂ, ಇದು" ಎಂದರು. ಅಷ್ಟೇ ಹೇಳಿದ್ದು.

ಹಾಗಾದರೆ ವೇಷದ ಯಂತ್ರವೇ ಸಾಕಲ್ಲ, ಸಿಂಥಸೈಸರ್ ಏತಕ್ಕೆ ಎಂದು ನಾವು ಕೇಳಿದೆವು. ಹುಡುಗನ ಉತ್ತರ ನಮಗೆ ಒಪ್ಪಿಗೆಯಾಯಿತು: "ಕಾಕಾ, ಅದು ತಾನ ಬಾರಿಸ್ತದ, ನಾವು ಕೇಳಬೇಕು. ಅದರ ಸಂಗಡ ಯಾರಿಗೂ ಕೂಡಲಿಕ್ಕೆ ಬರೂದಿಲ್ಲ. ನನಗ ಮಾಮಾನ ಹಾಡು ಕೈಲೆ ಬಾರಿಸಬೇಕಾಗೇದ." ಯಂತ್ರವು ಸಾಕ್ಷಿ ಹೇಳಬಲ್ಲದು, ಜೊತೆಗಾರನಾಗಲಾರದು. ಸಾಕ್ಷಿಯನ್ನು ಎದುರಿಗಿಟ್ಟುಕೊಂಡು ಅವನು ಸಿಂಥಸೈಸರನ್ನು ಮತ್ತೆ ಹದಮಾಡಲು ಕೂತನು. ಇಲ್ಲಿಂದ ಮುಂದಿನದೆಲ್ಲ ಸೇರಿಸುವ ಕೆಲಸವಲ್ಲ, ತೆಗೆಯುವ ಕೆಲಸ.

ಗುಂಗನ್ನು ತೆಗೆದನು. ನೆರಳುಗಳನ್ನು ತೆಗೆದನು. ಮನೆಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವ 128 ಮೆಟ್ಟಿಲಿನ ಸೌಕರ್ಯವನ್ನು ಆರಿಸಿ, ದನಿಯನ್ನು 16 ಮೆಟ್ಟಿಲಿಗೆ ಇಳಿಸಿದನು. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಸ್ವರ ಹೊರಡದಂತೆ ಬಾಗಿಲು ಹಾಕಿದನು. ಗಂಧಾರ, ಧೈವತಗಳ ಮನೆಗಳನ್ನು ಪೇಟಿಯ ಮನೆಯ ಕಾಲು ಪಾಲಿನಷ್ಟು ತಗ್ಗಿಸಿದನು. ಎಲ್ಲಕ್ಕಿಂತ ಕಷ್ಟಕ್ಕೆ ಬಂದುದು ಆಂದೋಲನ. ಬಿಬಿಸಿ ಮೈಕ್ರೋದಲ್ಲಿ ಸ್ವರವನ್ನು ತೂಗಿಸಲು 'ಎನ್ವಲಪ್' ಎಂಬ ಇನ್ನೊಂದು ಅಪ್ಪಣೆಯುಂಟು. ಅದಕ್ಕೆ ನಾಲ್ಕಲ್ಲ, 14 ಅಂಕಿ. ಸೋದರಮಾವನ ಸಾಲಿನ ಮೊದಲ ಎಂಟು ಹೀಗಿವೆ: 1, 12, 1, -1, 1, 1, 2, 1. ಎಂದರೆ, ಸೆಕೆಂಡಿನ ನೂರರಲ್ಲಿ 12 ಪಾಲಿಗೊಮ್ಮೆ ಹೆಜ್ಜೆ ಇಡಬೇಕು. ಒಂದು ಹೆಜ್ಜೆ ಮೇಲೆ, ಎರಡು ಕೆಳಗೆ, ಮತ್ತೆ ಒಂದು ಮೇಲೆ. 64ರಿಂದ 65, ಅಲ್ಲಿಂದ 64, 63, ತಿರುಗಿ 64. ಅರ್ಧ ಸೆಕೆಂಡಿಗೆ ಒಂದು ತೂಗು. ಇದು ಜಾರುವ ಆಂದೋಲನವಲ್ಲ. ಮೆಟ್ಟಿಲು ಇಳಿದು ಹತ್ತುವ ಆಂದೋಲನ. ಹೊಸ ಸಿಂಥಸೈಸರಿಗೆ ಜಾರುವುದು ಹುಟ್ಟುಗುಣ. ಮೆಟ್ಟಿಲನ್ನು ಕಲಿಸಲು ಎರಡು ವಾರ ಹಿಡಿಯಿತಂತೆ.

ಒಬ್ಬ ಒಳ್ಳೆಯ ಗವಾಯಿಯ ಮುಂದೆ ಈ ಮೆಟ್ಟಿಲಿನ ಆಂದೋಲನವನ್ನು ಇಟ್ಟರೆ ಅವರು ನಕ್ಕಾರು. ಜಾರಿಕೆಯೇ ಸರಿಯೆನ್ನುವುದು ಶಾಸ್ತ್ರಕ್ಕೆ ಒಪ್ಪುವ ಮಾತು. ಹಾಗಿರುವಾಗ ಆ ಕೊರತೆಯನ್ನೂ ಏಕೆ ಉಳಿಸಬೇಕೆಂಬ ಪ್ರಶ್ನೆ ನ್ಯಾಯವಾದುದೇ. ಸಿಡ್ ಚಿಪ್ಪಿನದೊಂದು ಪ್ರಸಂಗ ಇದಕ್ಕೆ ಹೊಂದುತ್ತದೆ. ಮೊದಲು ಬಂದ 6581 ಎಂಬ ಸಿಡ್ಡಿನಲ್ಲಿ ಒಂದು ದೋಷವಿದ್ದಿತು: ದನಿಯ ಮಟ್ಟವನ್ನು ಬದಲಿಸಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಚತುರರು ಆ ಟಕ್ಕನ್ನು ಸೆಕೆಂಡಿಗೆ ಸಾವಿರಾರು ಸಲ ಬರುವಂತೆ ಮಾಡಿ, ಅದರಿಂದಲೇ ಮನುಷ್ಯನ ಮಾತನ್ನೂ ಮದ್ದಳೆಯ ಪೆಟ್ಟನ್ನೂ ಹೊರಡಿಸಿದರು. ನಾಲ್ಕನೆಯ ಕಂಠವೇ ಹುಟ್ಟಿದಂತಾಯಿತು. ಮುಂದೆ ಕಂಪನಿಯವರು ದೋಷವನ್ನು ತಿದ್ದಿ 8580 ಎಂಬ ಹೊಸ ಚಿಪ್ ಮಾಡಿದರು. ಅದರಲ್ಲಿ ಆ ನಾಲ್ಕನೆಯ ಕಂಠ ಪಿಸುಮಾತಾಗಿಹೋಯಿತು. ಹಳೆಯ ಹಾಡುಗಳನ್ನು ಮರಳಿ ಕಟ್ಟುವವರು ಈಗ ಆ ದೋಷವನ್ನು ಶ್ರಮಪಟ್ಟು ಮತ್ತೆ ಹುಟ್ಟಿಸುತ್ತಾರೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಶಾಲೆಯ ಹುಡುಗನು ಮೆಟ್ಟಿಲುಗಳೆಂದು ತಿಳಿದೇ, ಎಷ್ಟು ಮೆಟ್ಟಿಲು, ಎಷ್ಟು ಹೊತ್ತು ಎಂದು ಕೂತು ಲೆಕ್ಕ ಹಾಕಿದ್ದಾನೆ. ಜಾರಿಕೆಯನ್ನು ಹಚ್ಚಿದರೆ ರಾಗಕ್ಕೆ ನ್ಯಾಯವಾದೀತು, ಆ ಲೆಕ್ಕಕ್ಕೆ ಆಗದು. ರಾಗಕ್ಕೆ ನ್ಯಾಯ ಒದಗಿಸುವ ಗವಾಯಿಗಳು ಧಾರವಾಡದಲ್ಲಿ ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ.

ಇನ್ನೂ ಒಂದು ಕೊರತೆ ಉಳಿದಿತ್ತು. ಬಿಬಿಸಿ ಮೈಕ್ರೋ ತನ್ನ ಹೊಟ್ಟೆಯೊಳಗಿನ ಸಣ್ಣದೊಂದು ಸ್ಪೀಕರಿನಿಂದ ನುಡಿಯುತ್ತಿತ್ತು. ತರುಣನ ದೊಡ್ಡ ಸ್ಪೀಕರುಗಳಲ್ಲಿ ಖರಜದ 5 ಗುಂ ಎಂದು ಕೋಣೆ ತುಂಬುತ್ತಿತ್ತು. ಕೆಳಗಿನ ಮನೆಯವರು ಮರಾಠಿಯಲ್ಲಿ ವಿಚಾರಿಸಿಕೊಂಡು ಹೋದರು. ಕೊನೆಗೆ ಅಟ್ಟದ ಮೇಲಿದ್ದ ಹಳೆಯ ಟ್ರಾನ್ಸಿಸ್ಟರನ್ನು ಇಳಿಸಿ, ಅದರ ಸ್ಪೀಕರಿಗೆ ತಂತಿ ಕೊಟ್ಟನು. ಈಗ ದನಿಗೆ ತಕ್ಕ ಕೋಣೆ ಸಿಕ್ಕಿತು. ಕೆಳಗಿನ ಮನೆಯವರಿಗೂ ನೆಮ್ಮದಿ.

ಮೂರನೆಯ ಪುಟದ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಅದರಲ್ಲಿ ಮೂರನೆಯ ಕಂಠವು ಮೊದಲನೆಯದಕ್ಕೆ ಸಂಗತಿ ಮಾಡುವಂತೆ ಹಿಂದಿನಿಂದ ಬರುತ್ತದೆ. ಹನ್ನೊಂದು ಸಾಲುಗಳಿವೆ. ಹನ್ನೆರಡನೆಯದರಲ್ಲಿ 'ಸೌಂಡ್ 3' ಎಂದು ಬರೆದು ಅಲ್ಪವಿರಾಮ ಹಾಕಿ ಬಿಟ್ಟಿದೆ. ಪರೀಕ್ಷೆ ಬಂತೋ, ಊಟಕ್ಕೆ ಕರೆದರೋ. ಮೊದಲನೆಯ ಕಂಠ ಅಲ್ಲಿಂದ ಮುಂದೆ ಸುಮಾರು ಒಂದು ನಿಮಿಷ ಒಂಟಿಯಾಗಿ ಹೋಗುತ್ತದೆ. 64ನ್ನು ತಿದ್ದಲು ಬಿಡದ ಗೃಹಿಣಿ ಈಗ ಅದನ್ನು ತುಂಬೆಂದು ಮಗನಿಗೆ ಹೇಳುತ್ತಿದ್ದಾರೆ. 64ನ್ನು ತಿದ್ದಲು ಹೊರಟಿದ್ದ ಮಗನು ಒಂದಂಕಿಯನ್ನೂ ಸೇರಿಸಲಾರೆನೆಂದು ಹಟ ಹಿಡಿದಿದ್ದಾನೆ. "ಹಾಡು ಅಂದಮ್ಯಾಲೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತಗೊಳ್ಳೋದ" ಎಂಬುದು ತಾಯಿಯ ವಾದ. ಈಗಂತೂ ಮೊದಲಿನ ಹನ್ನೊಂದು ಸಾಲು ತೋರಿಸಿದರೆ ಮಿಕ್ಕ ನೂರನ್ನು ತಾನೇ ಹೊಸೆದುಕೊಡುವ ಗಣಕಗಳು ಬಂದಿವೆ. ಅದಕ್ಕೆ ಇಬ್ಬರೂ ಒಪ್ಪಿಲ್ಲ, ಅದು ಒಳ್ಳೆಯದಾಯಿತು. ನಮ್ಮ ಒಲವು ತಾಯಿಯ ಕಡೆಗೇ. ಮೊದಲು ಬರೆದವನ ಕಿವಿಯನ್ನು ಅರಿತವರು ತುಂಬಿದರೆ ಅದು ತಿದ್ದುಪಡಿಯಲ್ಲ. ಸದ್ಯಕ್ಕೆ ಆಗುತ್ತಿರುವುದೇನೆಂದರೆ, ಹನ್ನೊಂದನೆಯ ಸಾಲು ಮುಗಿದು ಮೂರನೆಯ ಕಂಠ ಸುಮ್ಮನಾದಲ್ಲಿ ಗೃಹಿಣಿ ತಾವೇ ಮೆಲ್ಲಗೆ ಗುನುಗಿಕೊಂಡು ಹೋಗುತ್ತಾರೆ. ಮಗನ ಬೆರಳು ಅದನ್ನು ಗಮನಿಸದಂತೆ ತನ್ನ ಪಾಡಿಗೆ 64ನ್ನು ತೂಗುತ್ತಿರುತ್ತದೆ.

ದೀಪಾವಳಿಯ ಕೂಟದಲ್ಲಿ ಇದನ್ನು ನುಡಿಸುವುದೆಂದು ಮಾತಾಗಿದೆ. ಗದ್ದಲದ ನಾಲ್ಕನೆಯ ಕಂಠಕ್ಕೆ ನೋಟುಬುಕ್ಕಿನಲ್ಲಿ ಏನನ್ನೂ ಬರೆದಿಲ್ಲವಾದುದರಿಂದ ತಾಳಕ್ಕೆ ಬೇರೆ ಏರ್ಪಾಡಾಗಬೇಕು. ಬಿಳಿ ಒಂದರ ತಬಲಾ ಇದ್ದು, ವಿಲಂಬಿತದಲ್ಲಿ ಸಾವಧಾನವಾಗಿ ಕೂಡಬಲ್ಲವರು, ರವಿವಾರ ಮಧ್ಯಾಹ್ನ ಡೊಂಬಿವಲಿ ಪೂರ್ವಕ್ಕೆ ಬರಲು ಅನುಕೂಲವುಳ್ಳವರು, ಸಂಪಾದಕರಿಗೆ ಒಂದು ಮಾತು ತಿಳಿಸಬೇಕು. ಚಹಾ ಚೂಡಾದ ವ್ಯವಸ್ಥೆ ಚೆನ್ನಾಗಿದೆ.